ಶಸ್ತ್ರಚಿಕಿತ್ಸಾ ಸಂಶೋಧನೆ: ಮೇಜಿನ ಮೇಲೆ ಮಹಿಳೆ, ಪ್ರಬಂಧದ ಮೇಲೆ ಪುರುಷರ ಹೆಸರು

ಕಿರವತ್ತಿ (ಯಲ್ಲಾಪುರ ತಾಲ್ಲೂಕು): ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯಲ್ಲಿ ಕಲಘಟಗಿಯನ್ನು ದಾಟಿ, ಬಯಲುಸೀಮೆ ಕಾಡಿಗೆ ದಾರಿ ಬಿಟ್ಟುಕೊಡುವಲ್ಲಿ ಸಿಗುವ ಊರು ಕಿರವತ್ತಿ. ರಾಜ್ಯದ ಬಹುತೇಕ ಹಳ್ಳಿಗಳಂತೆ ಇಲ್ಲಿಯೂ 'ಆಪರೇಷನ್' ಎಂಬ ಪದಕ್ಕೆ ರೂಢಿಯಲ್ಲಿ ಒಂದು ಪ್ರತ್ಯೇಕ ಅರ್ಥವಿದೆ. 'ಅವಳದು ಆಪರೇಷನ್ ಆಗಿದೆ' ಎಂದರೆ ಅಪೆಂಡಿಕ್ಸ್ ಅಲ್ಲ, ಹರ್ನಿಯಾ ಅಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆ. ಅಂತೆಯೇ 'ಲೇಡಿ ಡಾಕ್ಟರ್' ಎಂದರೆ ವೃತ್ತಿಯಲ್ಲಿರುವ ಯಾವುದೇ ವೈದ್ಯೆಯಲ್ಲ, ಹೆರಿಗೆ ಮಾಡಿಸುವಾಕೆ. ಶಸ್ತ್ರಚಿಕಿತ್ಸೆಗೂ ಮಹಿಳೆಗೂ ಇರುವ ಸಂಬಂಧವನ್ನು ನಮ್ಮ ಸಮಾಜ ಹೇಗೆ ಕಂಡಿದೆ ಎಂಬುದಕ್ಕೆ ಈ ಎರಡು ಪದಗಳು ಸಾಕ್ಷಿಯಾಗಿವೆ. ಮೇಜಿನ ಮೇಲೆ ಮಲಗುವವಳು ಅವಳು. ಚಾಕು ಹಿಡಿಯುವ ಅವಕಾಶ ಅವಳಿಗೆ ದೊರೆತದ್ದು ಹೆರಿಗೆಯ ಕೋಣೆಯಲ್ಲಿ ಮಾತ್ರ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಸುಮಾರು ಶೇ. 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ. ಪುರುಷರ ಸಂತಾನಹರಣದ ಪ್ರಮಾಣ ಹೆಚ್ಚು ಕಡಿಮೆ ಶೂನ್ಯ. ಅದೇ ಸಮೀಕ್ಷೆಯಂತೆ ರಾಜ್ಯದ ಹೆರಿಗೆಗಳಲ್ಲಿ ಶೇ. 31ಕ್ಕೂ ಹೆಚ್ಚು ಸಿಸೇರಿಯನ್. ಹೀಗೆ ಶಸ್ತ್ರಚಿಕಿತ್ಸೆಯ ಭಾರವನ್ನು ದೇಹದ ಮೇಲೆ ಹೊರುತ್ತಿರುವವರಲ್ಲಿ ಮಹಿಳೆಯರ ಪಾಲು ದೊಡ್ಡದು. ಆ ಶಸ್ತ್ರಚಿಕಿತ್ಸೆಯ ಬಗ್ಗೆ ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಅಳೆಯಬೇಕು, ಯಾವ ವಿಧಾನ ಮೇಲೆಂದು ಬರೆಯಬೇಕು ಎಂದು ತೀರ್ಮಾನಿಸುವ ಸಂಶೋಧಕರ ಸಾಲಿನಲ್ಲಿ ಅವರ ಪಾಲು ಅತ್ಯಲ್ಪ.

ಕಿರವತ್ತಿಯಿಂದ ಹುಬ್ಬಳ್ಳಿಗೆ

ಕಿರವತ್ತಿಯ ರೋಗಿಗೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಮೊದಲು ಯಲ್ಲಾಪುರದ ತಾಲ್ಲೂಕು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಹುಬ್ಬಳ್ಳಿ. ಸ್ವಂತ ಜಿಲ್ಲೆಯ ವೈದ್ಯಕೀಯ ಕಾಲೇಜು 2013ರಲ್ಲಿ ಕಾರವಾರದಲ್ಲಿ ಆರಂಭವಾಯಿತಾದರೂ, ಅದು ಅರಬೈಲು ಘಟ್ಟದ ಆಚೆ, ನೂರು ಕಿಲೋಮೀಟರಿಗೂ ದೂರ. ಮಳೆಗಾಲದಲ್ಲಿ ಆ ಘಟ್ಟದ ರಸ್ತೆಯನ್ನು ನಂಬುವಂತಿಲ್ಲ. ಆದ್ದರಿಂದ ಗೌಳಿ ದೊಡ್ಡಿಯ ಬಾಣಂತಿಯೂ ಸಿದ್ದಿ ಕೇರಿಯ ಕೂಲಿಯಾಳೂ ಕೊನೆಗೆ ತಲುಪುವುದು ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ, ನೆರೆಯ ಧಾರವಾಡ ಜಿಲ್ಲೆಯ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ. ಸಿಸೇರಿಯನ್, ಹೊಟ್ಟೆಯ ಶಸ್ತ್ರಚಿಕಿತ್ಸೆ, ಚರ್ಮ ಸೀಳಿ ಮುರಿದ ಮೂಳೆಯ ಚಿಕಿತ್ಸೆ ಈ ಮೂರೂ ಎರಡು ಗಂಟೆಯೊಳಗೆ ಸಿಗಬೇಕೆಂದು 2015ರಲ್ಲಿ ಜಾಗತಿಕ ಶಸ್ತ್ರಚಿಕಿತ್ಸೆ ಕುರಿತ ಲ್ಯಾನ್ಸೆಟ್ ಆಯೋಗ ಮಾನದಂಡ ಹಾಕಿತು. ಹೆದ್ದಾರಿಯ ಮೇಲಿನ ಕಿರವತ್ತಿ ಈ ಲೆಕ್ಕದಲ್ಲಿ ಹೇಗೋ ಪಾರಾದೀತು. ಹೆದ್ದಾರಿಗೆ ಬರುವುದಕ್ಕೇ ಹೊತ್ತು ಹಿಡಿಯುವ ಒಳಗಿನ ಕೇರಿಗಳ ಮಾತು ಬೇರೆ.

1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜ್ ಎಂದು ಆರಂಭವಾದ ಹುಬ್ಬಳ್ಳಿಯ ಈ ಸಂಸ್ಥೆ ದೀರ್ಘಕಾಲ ಜನರ ಬಾಯಲ್ಲಿ 'ಕಿಮ್ಸ್' ಆಗಿತ್ತು. ಇತ್ತೀಚೆಗೆ ಅದರ ಹೆಸರು ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಎಂದಾಗಿದೆ. ಹೆಸರಿಗೆ 'ಸಂಶೋಧನೆ' ಸೇರಿರುವುದು ಸಣ್ಣ ಸಂಗತಿಯಲ್ಲ. ಬೋಧನೆ, ಚಿಕಿತ್ಸೆ, ಸಂಶೋಧನೆ ಮೂರೂ ಒಂದೇ ಸೂರಿನಡಿ ನಡೆಯುವ ಶಸ್ತ್ರಚಿಕಿತ್ಸಾ ವಿಭಾಗಗಳೇ ಶೈಕ್ಷಣಿಕ ಶಸ್ತ್ರಚಿಕಿತ್ಸೆಯ ನೆಲೆ. ಕಿರವತ್ತಿಯಿಂದ ಹೋದ ರೋಗಿಯ ಕೇಸ್ ಶೀಟ್ ಅಂಕಿಅಂಶವಾಗುವುದೂ, ಅಂಕಿಅಂಶ ಪ್ರಬಂಧವಾಗುವುದೂ ಇಂಥ ವಿಭಾಗಗಳಲ್ಲಿಯೇ.

ಬಾಗಿಲಲ್ಲಿ ಸಮಾನ, ಮಹಡಿಯಲ್ಲಿ ವಿರಳ

ಹುಡುಗಿಯರು ವೈದ್ಯಕೀಯಕ್ಕೆ ಬರುತ್ತಿಲ್ಲವೆಂಬ ಮಾತು ಈಗ ಸಲ್ಲದು. 2014-15ರ ಹೊತ್ತಿಗೇ ದೇಶದ ವೈದ್ಯಕೀಯ ಕಾಲೇಜುಗಳಿಗೆ ಪ್ರವೇಶ ಪಡೆದವರಲ್ಲಿ ಶೇ. 51ರಷ್ಟು ವಿದ್ಯಾರ್ಥಿನಿಯರಿದ್ದರು. ಆದರೆ 2001ರ ಜನಗಣತಿಯನ್ನು ಆಧರಿಸಿದ ಅಧ್ಯಯನಗಳು ತೋರಿಸಿದಂತೆ, ವೃತ್ತಿಯಲ್ಲಿದ್ದ ಅಲೋಪಥಿ ವೈದ್ಯರಲ್ಲಿ ಮಹಿಳೆಯರ ಪ್ರಮಾಣ ಕೇವಲ ಶೇ. 17, ಗ್ರಾಮೀಣ ಭಾಗದಲ್ಲಿ ಶೇ. 6. ಈ ಎರಡು ಅಂಕಿಗಳ ನಡುವೆ ಒಂದು ತಲೆಮಾರಿನ ಅಂತರವಿದೆ ಎಂಬುದು ನಿಜ. ಆದರೂ ಕಾಲೇಜಿನ ಬಾಗಿಲು ದಾಟಿದವರೆಲ್ಲ ಮಹಡಿ ಹತ್ತುವುದಿಲ್ಲ ಎಂಬುದನ್ನು ಸ್ನಾತಕೋತ್ತರ ಸೀಟು ಆಯ್ಕೆಯ ಹಂತವೇ ಹೇಳಿಬಿಡುತ್ತದೆ. ಉತ್ತಮ ರ್‍ಯಾಂಕ್ ಪಡೆದ ವಿದ್ಯಾರ್ಥಿನಿ ಜನರಲ್ ಸರ್ಜರಿ ಬಯಸಿದರೆ ಮೊದಲು ಕೇಳಿಬರುವ ಪ್ರಶ್ನೆ, 'ಒಬಿಜಿ ಇದೆಯಲ್ಲ, ಇದೇಕೆ?' ಎಂಬುದು.

ಈ ಪ್ರಶ್ನೆಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಪರದೆಯಲ್ಲಿದ್ದ ಹೆಂಗಸರು ಪುರುಷ ವೈದ್ಯರಿಗೆ ಮೈ ತೋರಿಸುವುದಿಲ್ಲವೆಂಬ ಕಾರಣಕ್ಕಾಗಿ 1885ರಲ್ಲಿ ಡಫರಿನ್ ನಿಧಿ ಸ್ಥಾಪನೆಯಾಯಿತು. ಅದರ ಬೆಂಬಲದಿಂದ ದೇಶದೆಲ್ಲೆಡೆ ಹೆಂಗಸರ ಆಸ್ಪತ್ರೆಗಳು ಎದ್ದವು, ವೈದ್ಯೆಯರ ತರಬೇತಿಗೆ ದಾರಿಯಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾದದ್ದೂ ಹೆಂಗಸರಿಗೆ ಮತ್ತು ಮಕ್ಕಳಿಗೆ ಪ್ರತ್ಯೇಕ ಆಸ್ಪತ್ರೆ ಬೇಕೆಂಬ ವಿಚಾರದಿಂದಲೇ. ಈ ವ್ಯವಸ್ಥೆ ವೈದ್ಯೆಗೆ ಬಾಗಿಲು ತೆರೆಯಿತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದೇ ವ್ಯವಸ್ಥೆ ಆಕೆಗೆ ಒಂದೇ ಕೋಣೆಯನ್ನು ಗೊತ್ತುಮಾಡಿತು.

ಶಸ್ತ್ರಚಿಕಿತ್ಸೆ ಹೆಂಗಸರಿಗೆ ಒಗ್ಗದು, ಗಂಟೆಗಟ್ಟಲೆ ನಿಲ್ಲಬೇಕು, ರಾತ್ರಿ ಕರೆ ಬರುತ್ತದೆ ಎಂಬ ವಾದವನ್ನು ಇಂದಿಗೂ ಕೇಳಬಹುದು. ವಾದ ಮಾಡುವವರು ಗಮನಿಸದ ಸಂಗತಿಯೊಂದಿದೆ. ಸಿಸೇರಿಯನ್ ಹೊಟ್ಟೆಯ ಶಸ್ತ್ರಚಿಕಿತ್ಸೆ. ಗರ್ಭಕೋಶ ತೆಗೆಯುವುದು ದೊಡ್ಡ ಶಸ್ತ್ರಚಿಕಿತ್ಸೆ. ಹೆರಿಗೆ ನೋವಿಗೆ ಹಗಲು ರಾತ್ರಿಯ ಭೇದವಿಲ್ಲ. ಸ್ತ್ರೀರೋಗ ವಿಭಾಗದಲ್ಲಿ ಇವೆಲ್ಲವನ್ನೂ ಲೀಲಾಜಾಲವಾಗಿ ನಿರ್ವಹಿಸುವ ವೈದ್ಯೆ, ಪಕ್ಕದ ಥಿಯೇಟರಿಗೆ ಹೋದೊಡನೆ ಅಶಕ್ತಳಾಗುವುದು ಹೇಗೆ ಎಂಬುದಕ್ಕೆ ಉತ್ತರ ದೊರೆತಿಲ್ಲ.

ಈ ಗೆರೆ ದಾಟಿದವರಿಲ್ಲದಿಲ್ಲ. ನೆರೆಯ ಚೆನ್ನೈಯಲ್ಲಿ ಡಾ. ಟಿ.ಎಸ್. ಕನಕ 1968ರಲ್ಲಿ ನರಶಸ್ತ್ರಚಿಕಿತ್ಸೆಯಲ್ಲಿ ಎಂಸಿಎಚ್ ಪಡೆದರು. ಏಷ್ಯಾದ ಪ್ರಥಮ ಮಹಿಳಾ ನರಶಸ್ತ್ರಚಿಕಿತ್ಸಕಿ ಎಂದು ಅವರನ್ನು ಪರಿಗಣಿಸಲಾಗುತ್ತದೆ. ಮಿದುಳಿನ ಒಳಭಾಗದ ನಿರ್ದಿಷ್ಟ ಬಿಂದುವನ್ನು ಅಳೆದು ತಲುಪುವ ಸ್ಟೀರಿಯೊಟ್ಯಾಕ್ಟಿಕ್ ಶಸ್ತ್ರಚಿಕಿತ್ಸೆಯ ಕುರಿತು ಡಾ. ಬಿ. ರಾಮಮೂರ್ತಿ ಮತ್ತು ಡಾ. ವಿ. ಬಾಲಸುಬ್ರಮಣಿಯಂ ಅವರೊಂದಿಗೆ ಪ್ರಕಟಿಸಿದ ಪ್ರಬಂಧಗಳಲ್ಲಿ ಅವರ ಹೆಸರಿದೆ. 2018ರಲ್ಲಿ ಅವರು ನಿಧನರಾದರು.

ನಮ್ಮ ರಾಜ್ಯದ ನಿದರ್ಶನ ಡಾ. ವಿಜಯಲಕ್ಷ್ಮಿ ದೇಶಮಾನೆ. ಕಲಬುರಗಿಯ ಬಡ ಚಮ್ಮಾರ ಕುಟುಂಬದಲ್ಲಿ ಹುಟ್ಟಿದ ಅವರು ಎಂಬಿಬಿಎಸ್ ಓದಿದ್ದು, ಕಿರವತ್ತಿಯ ರೋಗಿಗಳು ಇಂದು ಹೋಗುವ ಅದೇ ಹುಬ್ಬಳ್ಳಿಯ ಕಾಲೇಜಿನಲ್ಲಿ. ಪ್ರವೇಶದ ಹಣಕ್ಕಾಗಿ ತಾಯಿ ಮಾಂಗಲ್ಯವನ್ನು ಮಾರಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸಕಿಯಾಗಿ ದಶಕಗಳ ಕಾಲ ದುಡಿದು, ಪ್ರಭಾರ ನಿರ್ದೇಶಕಿಯ ಹೊಣೆಯನ್ನೂ ಹೊತ್ತರು. 2025ರಲ್ಲಿ ಪದ್ಮಶ್ರೀ ಅವರಿಗೆ ಸಂದಿತು. ಸ್ತನದಲ್ಲಿ ಗಂಟು ಕಂಡರೂ ಪುರುಷ ವೈದ್ಯರ ಮುಂದೆ ಸೆರಗು ಸರಿಸಲು ಹಿಂಜರಿದು ತಿಂಗಳುಗಟ್ಟಲೆ ತಡಮಾಡುವ ಹಳ್ಳಿಯ ಹೆಂಗಸಿಗೆ, ಮೇಜಿನ ಆಚೆ ಇನ್ನೊಬ್ಬ ಹೆಂಗಸು ಕುಳಿತಿರುವುದು ಎಂಥ ವ್ಯತ್ಯಾಸ ಉಂಟುಮಾಡುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಇಂಥ ಹೆಸರುಗಳನ್ನು ಬೆರಳೆಣಿಕೆಯಲ್ಲಿ ಹೇಳಿ ಮುಗಿಸಬಹುದು. ಸಮಸ್ಯೆ ಇರುವುದೇ ಅಲ್ಲಿ.

ಹೆಸರಿನ ಸ್ಥಾನ

ಸಂಶೋಧನೆಯಲ್ಲಿ ಲೇಖಕರ ಹೆಸರು ಎಲ್ಲಿದೆ ಎಂಬುದು ಹೆಸರಿರುವಷ್ಟೇ ಮುಖ್ಯ. ವೈದ್ಯಕೀಯ ಪ್ರಬಂಧಗಳಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು; ಕೊನೆಯದು ಸಾಮಾನ್ಯವಾಗಿ ಮಾರ್ಗದರ್ಶನ ಮಾಡಿದ ಹಿರಿಯರದು. ನಡುವಿನ ಹೆಸರುಗಳನ್ನು ಓದುವವರು ಕಡಿಮೆ. ಡಾ. ರೇಷ್ಮಾ ಜಗ್ಸಿ ಮತ್ತು ಸಂಗಡಿಗರು ಅಮೆರಿಕದ ಪ್ರಮುಖ ವೈದ್ಯಕೀಯ ನಿಯತಕಾಲಿಕಗಳ 35 ವರ್ಷಗಳ ಸಂಚಿಕೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖಾರ್ಹ. 1970ರಲ್ಲಿ ಪ್ರಥಮ ಲೇಖಕರಲ್ಲಿ ಮಹಿಳೆಯರು ಒಟ್ಟಾರೆ ಶೇ. 5.9 ಇದ್ದದ್ದು 2004ರಲ್ಲಿ ಶೇ. 29.3ಕ್ಕೆ ಏರಿತ್ತು. ಆದರೆ 'ಆನಲ್ಸ್ ಆಫ್ ಸರ್ಜರಿ' ನಿಯತಕಾಲಿಕದಲ್ಲಿ ಈ ಏರಿಕೆ ಶೇ. 2.3ರಿಂದ ಶೇ. 16.7ಕ್ಕೆ ಮಾತ್ರ. ಕೊನೆಯ, ಅಂದರೆ ಹಿರಿಯ ಲೇಖಕರ ಸ್ಥಾನದಲ್ಲಿ ಅಲ್ಲಿ 2004ರಲ್ಲೂ ಮಹಿಳೆಯರಿದ್ದದ್ದು ಶೇ. 6.7. ಅದೇ ವರ್ಷ ಪ್ರಸೂತಿ ಮತ್ತು ಸ್ತ್ರೀರೋಗ ನಿಯತಕಾಲಿಕದಲ್ಲಿ ಪ್ರಥಮ ಲೇಖಕಿಯರು ಶೇ. 40.7ರಷ್ಟಿದ್ದರು. 'ಲೇಡಿ ಡಾಕ್ಟರ್' ಎಂಬ ಗೆರೆ ನಮ್ಮಲ್ಲಿ ಮಾತ್ರ ಇಲ್ಲ ಎಂದಾಯಿತು.

ಭಾರತದಲ್ಲಿ ಈ ಹೆಸರಿನ ಸ್ಥಾನ ನೇರವಾಗಿ ಬಡ್ತಿಗೆ ಗಂಟು ಬಿದ್ದಿದೆ. ವೈದ್ಯಕೀಯ ಕಾಲೇಜಿನ ಸಹಾಯಕ ಪ್ರಾಧ್ಯಾಪಕರು ಸಹ ಪ್ರಾಧ್ಯಾಪಕರಾಗಲು, ಅಲ್ಲಿಂದ ಪ್ರಾಧ್ಯಾಪಕರಾಗಲು ಪ್ರಕಟಿತ ಪ್ರಬಂಧಗಳಿರಬೇಕು. ಹಿಂದಿನ ಭಾರತೀಯ ವೈದ್ಯಕೀಯ ಪರಿಷತ್ತು ಈ ನಿಯಮಗಳನ್ನು ಹಲವು ಬಾರಿ ಬದಲಿಸಿತು. ಅದರ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೊರಡಿಸಿದ ನಿಯಮದಂತೆ, ಲೇಖಕರು ಮೊದಲ ಮೂವರಲ್ಲಿ ಒಬ್ಬರಾಗಿರಬೇಕು ಅಥವಾ ಪತ್ರವ್ಯವಹಾರದ ಹೊಣೆ ಹೊತ್ತ ಲೇಖಕರಾಗಿರಬೇಕು. ನಾಲ್ಕನೆಯ ಹೆಸರಿಗೆ ಬೆಲೆಯಿಲ್ಲ. ಯೂನಿಟ್ಟಿನಲ್ಲಿ ಅಂಕಿಅಂಶ ಕಲೆಹಾಕಿದ, ವಾರ್ಡಿನಲ್ಲಿ ರೋಗಿಗಳನ್ನು ಹಿಂಬಾಲಿಸಿ ವಿವರ ಪಡೆದ ಕಿರಿಯ ವೈದ್ಯೆಯ ಹೆಸರು ನಾಲ್ಕಕ್ಕೋ ಐದಕ್ಕೋ ಜಾರಿದರೆ, ಆಕೆಯ ಪಾಲಿಗೆ ಆ ಪ್ರಬಂಧ ಇದ್ದೂ ಇಲ್ಲದಂತೆ. ಕಿರಿಯ ವೈದ್ಯನಿಗೂ ಹೀಗಾಗುವುದುಂಟು. ಆದರೆ ಹೆಸರಿನ ಕ್ರಮ ನಿರ್ಧಾರವಾಗುವ ಚಹಾ ಕೂಟಗಳಲ್ಲಿ, ಸಮ್ಮೇಳನದ ರಾತ್ರಿಯ ಊಟದಲ್ಲಿ ಆತ ಇರುತ್ತಾನೆ. ಆಕೆ ಬಹುಮಟ್ಟಿಗೆ ಇರುವುದಿಲ್ಲ.

ಪ್ರಬಂಧ ಹುಟ್ಟುವ ಹೊತ್ತು

ಶಸ್ತ್ರಚಿಕಿತ್ಸೆಯ ಸಂಶೋಧನೆಗೆ ಗೊತ್ತುಪಡಿಸಿದ ವೇಳೆ ನಮ್ಮ ಕಾಲೇಜುಗಳ ದಿನಚರಿಯಲ್ಲಿಲ್ಲ. ಬೆಳಿಗ್ಗೆ ರೌಂಡ್ಸ್, ಆನಂತರ ಒಪಿಡಿ ಅಥವಾ ಥಿಯೇಟರ್, ಮಧ್ಯಾಹ್ನ ತರಗತಿ, ನಡುವೆ ತುರ್ತು ಕರೆ. ಇವೆಲ್ಲ ಮುಗಿದ ಮೇಲೆ ಉಳಿಯುವ ಸಂಜೆ ಮತ್ತು ರಾತ್ರಿಯಲ್ಲಿ ಪ್ರಬಂಧ ಸಿದ್ಧವಾಗಬೇಕು. ಅದೇ ಸಂಜೆ, ಅದೇ ರಾತ್ರಿಯ ಮೇಲೆ ಮನೆಗೂ ಹಕ್ಕಿದೆ. ಮನೆಯ ಆ ಹಕ್ಕನ್ನು ತೀರಿಸುವವರು ಯಾರು ಎಂಬುದು ಕನ್ನಡ ಓದುಗರಿಗೆ ತಿಳಿಯದ್ದಲ್ಲ.

ವಯಸ್ಸಿನ ಲೆಕ್ಕವೂ ಹೀಗೆಯೇ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಎಸ್‌ಗೆ ಮೂರು, ಎಂಸಿಎಚ್‌ಗೆ ಮತ್ತೆ ಮೂರು. ಪ್ರವೇಶ ಪರೀಕ್ಷೆಗಳ ತಯಾರಿಯ ವರ್ಷಗಳನ್ನು ಸೇರಿಸಿದರೆ ಮೂವತ್ತು ದಾಟುತ್ತದೆ. ಮದುವೆ, ಬಸಿರು, ಬಾಣಂತನ ಎಲ್ಲವೂ ಈ ಕಾಲದಲ್ಲಿಯೇ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಉದ್ಯೋಗಸ್ಥ ಮಹಿಳೆಗೆ 26 ವಾರಗಳ ರಜೆ ನೀಡಿತು. ಆದರೆ ಸ್ನಾತಕೋತ್ತರ ವಿದ್ಯಾರ್ಥಿನಿ ದೀರ್ಘ ರಜೆ ಪಡೆದರೆ ಕೋರ್ಸ್ ಅಷ್ಟು ಮುಂದಕ್ಕೆ ಹೋಗುತ್ತದೆ. ಸಹಪಾಠಿಗಳು ಪರೀಕ್ಷೆ ಬರೆದು ಹೊರಡುವಾಗ ಆಕೆ ಉಳಿಯುತ್ತಾಳೆ. ಯೂನಿಟ್ಟಿನ ಕೆಲಸ ಉಳಿದವರ ಮೇಲೆ ಬೀಳುವುದರಿಂದ ಅವರ ಗೊಣಗಾಟವನ್ನೂ ಆಕೆಯೇ ಕೇಳಬೇಕು. ಬದಲಿ ವ್ಯವಸ್ಥೆ ಮಾಡಬೇಕಾದ ಆಡಳಿತದ ಲೋಪ ಹೀಗೆ ತಾಯಿಯ ತಪ್ಪಾಗಿ ಮಾರ್ಪಡುತ್ತದೆ.

ಎಂಎಸ್ ವಿದ್ಯಾರ್ಥಿಗಳೆಲ್ಲರೂ ಮಹಾಪ್ರಬಂಧ ಸಲ್ಲಿಸುತ್ತಾರೆ. 2000ದ ಸ್ನಾತಕೋತ್ತರ ನಿಯಮಗಳು ಇದರ ಜೊತೆಗೆ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡನೆ ಮತ್ತು ಪ್ರಕಟಣೆಗೆ ಒಂದು ಪ್ರಬಂಧ ಕಳುಹಿಸುವುದನ್ನೂ ಕಡ್ಡಾಯ ಮಾಡಿದ್ದವು. ಅಂದರೆ ಸಂಶೋಧನೆಯ ಮೊದಲ ಮೆಟ್ಟಿಲನ್ನು ಎಲ್ಲ ವೈದ್ಯೆಯರೂ ಹತ್ತಿದವರೇ. ಮಹಾಪ್ರಬಂಧ ಗ್ರಂಥಾಲಯದ ಕಪಾಟು ಸೇರಿದ ಮೇಲೆ ಅದನ್ನು ನಿಯತಕಾಲಿಕದ ಪ್ರಬಂಧವಾಗಿ ಪರಿವರ್ತಿಸುವ ಆರು ತಿಂಗಳಲ್ಲಿ ಸೋರಿಕೆ ಆರಂಭವಾಗುತ್ತದೆ. ಆ ಹೊತ್ತಿಗೆ ಆಕೆ ಬೇರೆ ಊರಿನಲ್ಲಿ ಸೊಸೆಯಾಗಿರುತ್ತಾಳೆ, ಇಲ್ಲವೇ ಕಡ್ಡಾಯ ಸೇವೆಯಲ್ಲಿರುತ್ತಾಳೆ.

ಇವುಗಳಿಗೆ ಹೋಲಿಸಿದರೆ ಸಣ್ಣದೆಂದು ಕಾಣುವ ಸಂಗತಿಗಳೂ ಇವೆ. ಲ್ಯಾಪ್ರೊಸ್ಕೋಪಿ ಉಪಕರಣಗಳ ಹಿಡಿಕೆಗಳು ದೊಡ್ಡ ಕೈಗೆ ಅಳತೆಯಾಗಿ ತಯಾರಾದವು. 726 ಶಸ್ತ್ರಚಿಕಿತ್ಸಕರನ್ನು ಪ್ರಶ್ನಿಸಿ 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಆರೂವರೆ ಅಥವಾ ಅದಕ್ಕಿಂತ ಚಿಕ್ಕ ಅಳತೆಯ ಕೈಗವಸು ಧರಿಸುವವರಿಗೆ ಇವು ಹೆಚ್ಚು ತೊಡಕಾಗುತ್ತವೆ ಎಂದು ಕಂಡುಕೊಂಡಿತು. ಚಿಕ್ಕ ಕೈ ಯಾರದು ಎಂದು ಬೇರೆ ಹೇಳಬೇಕಿಲ್ಲ. ಉಪಕರಣ ಒಗ್ಗದಿದ್ದಾಗ 'ಕೈ ಪಳಗಿಲ್ಲ' ಎಂಬ ತೀರ್ಪು ಬರುವುದು ಮಾತ್ರ ವೈದ್ಯೆಯ ಮೇಲೆ.

ಸುರಕ್ಷತೆಯ ಪ್ರಶ್ನೆ ಸಣ್ಣದಲ್ಲ. 2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಪ್ರಕಟವಾದ ಸಮೀಕ್ಷೆಗೆ ಉತ್ತರಿಸಿದ ಮಹಿಳೆಯರಲ್ಲಿ ಶೇ. 63ಕ್ಕೂ ಹೆಚ್ಚು ಮಂದಿ ಸಹೋದ್ಯೋಗಿಗಳಿಂದ ಲೈಂಗಿಕ ಕಿರುಕುಳವನ್ನು, ಶೇ. 30ರಷ್ಟು ಮಂದಿ ಲೈಂಗಿಕ ಹಲ್ಲೆಯನ್ನು ಎದುರಿಸಿರುವುದಾಗಿ ತಿಳಿಸಿದ್ದರು. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಕರ್ತವ್ಯದ ನಡುವೆ ವಿಶ್ರಾಂತಿಗೆ ತೆರಳಿದ್ದ ಸ್ನಾತಕೋತ್ತರ ವೈದ್ಯೆಯ ಮೇಲೆ ಅತ್ಯಾಚಾರ ನಡೆಸಿ ಕೊಲೆ ಮಾಡಲಾಯಿತು. ಸುಪ್ರೀಂ ಕೋರ್ಟ್ ರಚಿಸಿದ ರಾಷ್ಟ್ರೀಯ ಕಾರ್ಯಪಡೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಿರ್ದೇಶಕಿ ಡಾ. ಪ್ರತಿಮಾ ಮೂರ್ತಿ ಅವರೂ ಇದ್ದರು. ಬಾಗಿಲಿಗೆ ಚಿಲಕವಿರುವ ಡ್ಯೂಟಿ ರೂಮ್ ಎಂಬುದು ಸಂಶೋಧನೆಗೆ ಸಂಬಂಧಿಸಿದ್ದಲ್ಲವೆಂದು ತೋರಬಹುದು. ರಾತ್ರಿ ಆಸ್ಪತ್ರೆಯಲ್ಲಿ ಉಳಿಯಲು ಅಂಜುವವರು ರಾತ್ರಿಯ ಕೇಸುಗಳ ಮೇಲೆ ಪ್ರಬಂಧ ಬರೆಯುವುದು ಕಷ್ಟ.

ಹಣದ ವಿಚಾರದಲ್ಲಿ ಕೆನಡಾದ ಅನುಭವ ಗಮನಾರ್ಹ. ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆಗೆ ಬಂದ 23 ಸಾವಿರಕ್ಕೂ ಹೆಚ್ಚು ಅರ್ಜಿಗಳ ವಿಶ್ಲೇಷಣೆ 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಯೋಜನೆಯ ಗುಣವನ್ನು ಮುಖ್ಯವಾಗಿ ನೋಡಿ ಅನುದಾನ ಕೊಟ್ಟಾಗ ಪುರುಷ-ಮಹಿಳೆಯರ ಯಶಸ್ಸಿನ ಅಂತರ ಶೇಕಡಾ ಒಂದಕ್ಕಿಂತ ಕಡಿಮೆಯಿತ್ತು. ಅರ್ಜಿದಾರರ 'ಯೋಗ್ಯತೆ'ಯನ್ನು ಮುಖ್ಯವಾಗಿ ನೋಡಿದಾಗ ಅದು ನಾಲ್ಕಕ್ಕೆ ಏರಿತು. ವಿಜ್ಞಾನದಲ್ಲಿ ಕೊರತೆ ಇರಲಿಲ್ಲ. ಕೊರತೆ ಕಂಡದ್ದು ಹೆಸರಿನಲ್ಲಿ.

ಕೇಳದೆ ಉಳಿದ ಪ್ರಶ್ನೆಗಳು

ಇದೆಲ್ಲ ವೈದ್ಯರ ಬಡ್ತಿಯ ಜಗಳ, ರೋಗಿಗೇನು ಎಂದು ಕೇಳಬಹುದು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಆಧರಿಸಿದ 2017ರ ಅಧ್ಯಯನದಲ್ಲಿ, ಶಸ್ತ್ರವೈದ್ಯೆಯರು ಚಿಕಿತ್ಸೆ ನೀಡಿದ ರೋಗಿಗಳಲ್ಲಿ 30 ದಿನಗಳೊಳಗಿನ ಸಾವಿನ ಪ್ರಮಾಣ ಅಲ್ಪ ಮಟ್ಟಿಗೆ ಕಡಿಮೆಯಿತ್ತು. 13 ಲಕ್ಷ ರೋಗಿಗಳ ಕುರಿತ 2022ರ ಅಧ್ಯಯನ, ಮಹಿಳಾ ರೋಗಿಗೆ ವೈದ್ಯೆಯ ಬದಲು ಪುರುಷ ವೈದ್ಯರು ಶಸ್ತ್ರಚಿಕಿತ್ಸೆ ನಡೆಸಿದಾಗ ಪ್ರತಿಕೂಲ ಪರಿಣಾಮಗಳ ಸಂಭವ ಶೇ. 15ರಷ್ಟು ಹೆಚ್ಚಿದ್ದುದನ್ನು ತೋರಿಸಿತು. ಇವು ಸಂಬಂಧವನ್ನು ತೋರುವ ಅಧ್ಯಯನಗಳು, ಕಾರಣವನ್ನು ಸ್ಥಾಪಿಸುವುದಿಲ್ಲ. ಹೆಂಗಸರ ಕೈಯೇ ಮೇಲು ಎಂದು ಘೋಷಿಸುವುದು ಇನ್ನೊಂದು ಬಗೆಯ ಮೂಢನಂಬಿಕೆಯಾದೀತು. ಹೆಂಗಸರ ಕೈ ಕೀಳು ಎಂಬುದಕ್ಕೆ ಮಾತ್ರ ಇವುಗಳಲ್ಲಿ ಯಾವ ಆಧಾರವೂ ಇಲ್ಲ.

ಹೆಚ್ಚು ಗಂಭೀರವಾದದ್ದು, ಕೇಳದೆ ಉಳಿದ ಪ್ರಶ್ನೆಗಳ ವಿಚಾರ. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರ ಬಳಿ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಸಲಾಯಿತು. ಆನಂತರ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ಕೊನೆಗೊಳಿಸುವಂತೆ ಸೂಚಿಸಿತು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಆರೋಪ 2015ರಲ್ಲಿ ರಾಜ್ಯದ ಗಮನ ಸೆಳೆದಾಗ, ಅದನ್ನು ಬೆಳಕಿಗೆ ತಂದವರು ಮಹಿಳಾ ಮತ್ತು ಆರೋಗ್ಯ ಸಂಘಟನೆಗಳ ಕಾರ್ಯಕರ್ತರು; ವೈದ್ಯಕೀಯ ನಿಯತಕಾಲಿಕಗಳಲ್ಲ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶಿಸಿದ್ದು 2023ರಲ್ಲಿ. ಲಕ್ಷಾಂತರ ಸಂಖ್ಯೆಯಲ್ಲಿ ನಡೆಯುವ ಈ ಶಸ್ತ್ರಚಿಕಿತ್ಸೆಗಳ ನಂತರ ಆ ಹೆಂಗಸರ ಬೆನ್ನು ನೋವು, ಮುಟ್ಟಿನ ತೊಂದರೆ, ಕೂಲಿಗೆ ಹೋಗುವ ಶಕ್ತಿ ಏನಾಯಿತು ಎಂದು ವರ್ಷಗಟ್ಟಲೆ ಹಿಂಬಾಲಿಸಿ ನೋಡುವುದು ಅಪರೂಪದ, ಕೀರ್ತಿ ತಾರದ ಸಂಶೋಧನೆ. ಸಂಶೋಧಕಿಯಿದ್ದ ಮಾತ್ರಕ್ಕೆ ಈ ಪ್ರಶ್ನೆ ತಾನಾಗಿ ಹುಟ್ಟುತ್ತದೆಂದಲ್ಲ. ಆದರೆ ಹೊರರೋಗಿ ವಿಭಾಗದಲ್ಲಿ ಬಾಗಿಲು ಮುಚ್ಚಿ ಹೆಂಗಸರು ಹೇಳುವುದನ್ನು ಕೇಳುವವರಿಗೆ ಹುಟ್ಟುವ ಸಂಭವ ಹೆಚ್ಚು.

ಪ್ರಶ್ನೆ ಸರಿಯಾಗಿದ್ದರೆ ಏನಾಗುತ್ತದೆಂಬುದಕ್ಕೆ ನಿದರ್ಶನ ದೂರವಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಮಹಿಳೆಯರ ಮೇಲೆ, ಹೆರಿಗೆ ಮಾಡಿಸುವ ಎಎನ್ಎಂ ಸಿಬ್ಬಂದಿಯ ಮೂಲಕವೇ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ, ಹೆರಿಗೆಯ ನಂತರದ ರಕ್ತಸ್ರಾವವನ್ನು ಶೇ. 12ರಿಂದ ಶೇ. 6.4ಕ್ಕೆ ಇಳಿಸಿತ್ತು. ಘಟ್ಟ ಇಳಿದು ಥಿಯೇಟರ್ ತಲುಪಲಾಗದ ಕೇರಿಗಳಿಗೆ ಇದಕ್ಕಿಂತ ಹತ್ತಿರದ ಸಂಶೋಧನೆ ಇನ್ನೊಂದಿರಲಾರದು.

ನಿಧಾನದ ಬದಲಾವಣೆ

ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಮೊದಲ ಮಹಿಳಾ ಫೆಲೋ ಆಗಿ ಎಲಿನರ್ ಡೇವಿಸ್-ಕೋಲಿ ಅವರನ್ನು ಸೇರಿಸಿಕೊಂಡದ್ದು 1911ರಲ್ಲಿ. ಅದರ ಅಧ್ಯಕ್ಷ ಪೀಠಕ್ಕೆ ಮೊದಲ ಮಹಿಳೆ, ಡಾ. ಕ್ಲೇರ್ ಮಾರ್ಕ್ಸ್, ಬಂದದ್ದು 2014ರಲ್ಲಿ. ನಡುವೆ 103 ವರ್ಷ. ಅಮೆರಿಕದಲ್ಲಿ ವಿಶ್ವವಿದ್ಯಾಲಯವೊಂದರ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಮಹಿಳೆ, ಡಾ. ಓಲ್ಗಾ ಜೊನಾಸನ್, ಮುಖ್ಯಸ್ಥೆಯಾದದ್ದು 1987ರಲ್ಲಿ.

ನಮ್ಮಲ್ಲಿ ಕೇಂದ್ರ ಸರ್ಕಾರ 2020ರಲ್ಲಿ ಮಹಿಳಾ ಸಂಶೋಧಕರಿಗಾಗಿಯೇ 'ಪವರ್' ಎಂಬ ಅನುದಾನ ಯೋಜನೆ ಆರಂಭಿಸಿತು. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ನೀಡಿತು. ಬೋಧಕ ವೈದ್ಯರಿಗೆ ಸಂಶೋಧನಾ ವಿಧಾನದ ಮೂಲ ಕೋರ್ಸ್ ಕಡ್ಡಾಯವಾಗಿದ್ದು, ಅದನ್ನು ಆನ್‌ಲೈನ್‌ನಲ್ಲಿಯೇ ಮುಗಿಸಬಹುದು. ಕೈಗೂಸಿನ ತಾಯಿಗೆ ಇದು ಕಾಗದದ ಮೇಲಿನ ನೀತಿಗಿಂತ ಹೆಚ್ಚು ಉಪಯುಕ್ತ. ಹೆಸರಿನ ಕ್ರಮವನ್ನು ಕೆಲಸ ಆರಂಭಿಸುವ ಮೊದಲೇ ಬರಹದಲ್ಲಿ ಒಪ್ಪಿಕೊಳ್ಳುವುದು, ಬಡ್ತಿಯ ಅವಧಿ ಲೆಕ್ಕ ಹಾಕುವಾಗ ಬಾಣಂತನದ ತಿಂಗಳುಗಳನ್ನು ಬಿಡುವುದು, ರಜೆಯ ಅವಧಿಗೆ ಬದಲಿ ವೈದ್ಯರನ್ನು ನೇಮಿಸುವುದು ಇವು ಯಾವುವೂ ದೊಡ್ಡ ಖರ್ಚಿನ ಕ್ರಮಗಳಲ್ಲ. ಕಾಲೇಜು ಹಂತದಲ್ಲಿಯೇ ಇವುಗಳನ್ನು ನಿರ್ಧರಿಸಬಹುದು.

ವೈದ್ಯಕೀಯ ಕಾಲೇಜುಗಳಲ್ಲಿ ಪ್ರತಿ ವರ್ಷ ಎಂಎಸ್ ಮಹಾಪ್ರಬಂಧಗಳ ವಿಷಯ ನೋಂದಣಿ ನಡೆಯುತ್ತದೆ. ಹುಬ್ಬಳ್ಳಿಯ ವಾರ್ಡಿಗೆ ಕಿರವತ್ತಿ, ಕಲಘಟಗಿ, ಮುಂಡಗೋಡದ ಕಡೆಯಿಂದ ಬರುವ ಹೆಂಗಸರ ಕೇಸ್ ಶೀಟುಗಳಲ್ಲಿ ಊರಿನ ಹೆಸರು, ವಯಸ್ಸು, ಹಿಂದೆ ಆದ 'ಆಪರೇಷನ್' ಎಲ್ಲವೂ ದಾಖಲಾಗುತ್ತವೆ.